ಡಬ್ಬಿ ಮೀನು ತಿಂದ ಮಲ್ಲ

ಮಾಕುಟ್ಟದ ಘಟ್ಟದಲ್ಲಿ ಗಾಡಿ ಮಗುಚಿ ಸೊಂಟ ಮುರಿದುಕೊಳ್ಳುವವರೆಗೂ ಮಲ್ಲ ಕರಾವಳಿಯಿಂದ ಪೊನ್ನಂಪೇಟೆಗೆ ಉಪ್ಪು, ಒಣಮೀನು ಸಾಗಿಸುತ್ತಿದ್ದ. ಆಮೇಲೆ ಕಾಫಿ ಎಸ್ಟೇಟಿನ ಕೂಲಿಯಾಳುಗಳ ಲೈನಿನ ಕೋಣೆಯಲ್ಲಿ ಚಾಪೆ ಹಿಡಿದ. ಹೆಂಡತಿ ಚೋಮಿ ಎಸ್ಟೇಟಿನ ಬಿಳಿ ದೊರೆಯ ಬಂಗಲೆಯಲ್ಲಿ ಪಾತ್ರೆ ತೊಳೆದು ಇಬ್ಬರ ಹೊಟ್ಟೆ ಹೊರೆಯುತ್ತಿದ್ದಳು.

ಆ ವರ್ಷದ ಮಳೆಗೆ ಘಟ್ಟದ ದಾರಿ ಕುಸಿದು ಮೀನು ಬರುವುದೇ ನಿಂತಿತು. ಮಲ್ಲನಿಗೆ ಊಟ ಸೇರದು. ಗಂಜಿ ಮುಂದಿಟ್ಟರೆ, "ಒಂದ್ ತುಂಡು ಮೀನಿದ್ದಿದ್ರೆ..." ಎಂದು ಮುಖ ತಿರುಗಿಸುವನು. ಚೋಮಿ ಸಂಕಟ ತಾಳದೆ ದೊರೆಸಾನಿಗೆ ಹೇಳಿಕೊಂಡಳು. ಆಕೆ ಬೀರುವಿನಿಂದ ಸೀಮೆಯ ಮೀನಿನ ಡಬ್ಬಿಯೊಂದನ್ನು ತೆಗೆದುಕೊಟ್ಟಳು.

ಮರುದಿನ ಚೋಮಿ ಡಬ್ಬಿ ತೆರೆದು ಮಲ್ಲನ ಪಕ್ಕದಲ್ಲಿಟ್ಟು ಕೆಲಸಕ್ಕೆ ಹೋದಾಗ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಪರಮೇಶಪ್ಪನವರು ಅಂಥದೇ ಡಬ್ಬಿಗಳನ್ನು ಗೋಣಿಗೆ ತುಂಬಿಸುತ್ತಿದ್ದರು.

"ಮಡಿಕೇರಿ ಅಂಗಡಿಯಿಂದ ಆಳು ಬಂದವ್ನೆ. ಈ ಮೀನು ಕೆಟ್ಟಿರ್ಬೋದಂತೆ. ವಿಷವಾದ್ರೂ ಆಗ್ಬೋದಂತೆ. ಮಾರಿದ್ದನ್ನೆಲ್ಲ ವಾಪಸ್ ತಗೋತಾವ್ರೆ. ದೊರೆಸಾನಿ ನಿಂಗೆ ಕೊಟ್ಟಿದ್ದೂ ತಂದ್ಕೊಡು, ಚೋಮಿ."

ಚೋಮಿ ಕೆಸರಿನಲ್ಲಿ ಜಾರುತ್ತಾ ಏಳುತ್ತಾ ಲೈನಿಗೆ ಓಡಿದಳು. ಮಲ್ಲ ಬೆರಳು ನೆಕ್ಕುತ್ತಿದ್ದ.

"ತಿಂದ್ಬಿಟ್ಯಾ?"

"ಪೂರಾ. ನಿಂಗೂ ಒಂಚೂರು ಇಡ್ಬೇಕಿತ್ತು ಕಣೆ."

ಅವಳು ಅಳುತ್ತಲೇ ವಿಷಯ ಹೇಳಿದಳು. ಸುದ್ದಿ ತಿಳಿದು ದೊರೆಸಾನಿ ಕಳಿಸಿದ ಕಾಂಪೌಂಡರ್ ಬಂದು ನಾಲಗೆ ನೋಡಿ, ಹೊಟ್ಟೆ ಒತ್ತಿ, ಕಾದು ನೋಡಬೇಕಷ್ಟೇ ಎಂದು ಹೋದ. ಚೋಮಿ ಗಂಡನ ಪಕ್ಕ ಕುಳಿತು ಕೈ ಹಿಡಿದುಕೊಂಡಳು. ಅವನು ಮಗ್ಗುಲು ಬದಲಿಸಿದರೂ ಅವಳು ಬಗ್ಗಿ ಮುಖ ನೋಡುತ್ತಿದ್ದಳು.

"ನಿಜ ಹೇಳ್ಲಾ? ಉಪ್ಪಿಲ್ಲ, ಖಾರಿಲ್ಲ, ನೆನೆದ ಬಟ್ಟೆ ಅಗಿದಂಗಿತ್ತು," ಎಂದ ಮಲ್ಲ. ಅವಳು ನಗಲಿಲ್ಲ. ಅವನೇ ಮತ್ತೆ, "ಗಾಡಿ ಬಿದ್ದ ದಿನಾನೇ ಹೋಗ್ಬೇಕಿತ್ತು ನಾನು. ನಿಂಗೆ ಭಾರ ಆದೆ," ಎಂದ.

"ಹಂಗನ್ಬ್ಯಾಡ. ನಾನು ಬಾಗ್ಲು ತೆಗೆದಾಗ ಒಳಗೆ ಕೆಮ್ಮೋಕಾದ್ರೂ ನೀನಿರ್ಬೇಕು."

ಮಲ್ಲ ಗೋಡೆಯ ಕಡೆ ತಿರುಗಿದ. ಕಣ್ಣೊರೆಸಿಕೊಂಡ. ಭಾರವಾದೆನೆಂಬ ಮಾತನ್ನು ಇಷ್ಟು ವರ್ಷ ಅವನೂ ಆಡಿರಲಿಲ್ಲ, ಅವಳೂ ಅವನ ಮನಸ್ಸಿನಲ್ಲೇನಿದೆಯೆಂದು ಕೇಳಿರಲಿಲ್ಲ.

ಸಂಜೆಯಾದರೂ ಏನೂ ಆಗಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಮಲ್ಲ, "ಚೋಮಿ, ಹಸಿವಾಗ್ತದೆ," ಎಂದ. ಗಂಜಿಗೆ ಹಸಿಮೆಣಸಿನಕಾಯಿ ನುರಿದು ಕೊಟ್ಟಳು. ಅವನು ಮತ್ತೊಂದು ಬಟ್ಟಲು ಕೇಳಿದ.

ಮುಂದೆ ಅವನು ತೆವಳಿಕೊಂಡು ಒಲೆಯವರೆಗೆ ಹೋಗುವುದನ್ನು ರೂಢಿ ಮಾಡಿಕೊಂಡ. ಚೋಮಿ ಬಂಗಲೆಯಿಂದ ನೆನೆದು ಬರುವಾಗ ಒಲೆ ಉರಿಯುತ್ತಿರುತ್ತಿತ್ತು. ಅವಳು ಕಾಲು ಚಾಚಿ ಕೂರುತ್ತಿದ್ದಳು; ಅವನು ಬಿಸಿನೀರು ಹೊಯ್ದು ಅವಳ ಪಾದದ ಕೆಸರು ತೊಳೆಯುತ್ತಿದ್ದ.