ಕಟ್ಟಿಗೆ ಕುದುರೆಯ ಪಾಳಿ

ಎಪ್ಪತ್ತರ ದಶಕದಲ್ಲಿ ಬಬಲೇಶ್ವರದ ಸಂತೆಗೆ ಒಬ್ಬ ಮುದುಕ ಗರಗರ ತಿರುಗುವ ಕಟ್ಟಿಗೆ ಕುದುರೆಗಳನ್ನು ತರುತ್ತಿದ್ದ. ಅವಕ್ಕೆ ಯಂತ್ರವಿರಲಿಲ್ಲ. ಪಾಳಿಗೆ ನಿಂತ ಮಕ್ಕಳೇ ಕೂತವರನ್ನು ದಬ್ಬಬೇಕು. ಒಂದು ಸಂತೆಯ ದಿನ ನಾನೂ ಪಾಳಿಗೆ ನಿಂತೆ.

"ಸಣ್ಣವ್ರನ್ನ ಮುಂದ ಬಿಡಬೇ," ಅಂದಳು ಅವ್ವ. ಬಿಟ್ಟೆ. ಅಂಗೈ ಕೆಂಪಾಗುವ ತನಕ ಎಲ್ಲರನ್ನೂ ದಬ್ಬಿದೆ. ಕಡೆಗೆ ನನ್ನ ಪಾಳಿ ಬಂತು. ಕುದುರೆ ಏರಿ, ಅದರ ಕಿವಿ ಹಿಡಿದು ಕೂತೆ. ಕುದುರೆ ಕದಲಲೇ ಇಲ್ಲ. ತಿರುಗಿ ನೋಡಿದರೆ, ನಾನು ದಬ್ಬಿದವರೆಲ್ಲ ಚುರುಮುರಿ ಅಂಗಡಿಯ ಮುಂದೆ ನಿಂತಿದ್ದರು.

"ಇಳಿ ಯವ್ವಾ, ದಬ್ಬಾವ್ರು ಯಾರೂ ಉಳಿದಿಲ್ಲ," ಅಂದ ಮುದುಕ. ಕುದುರೆಯ ಕಿವಿ ಬಿಟ್ಟು ಇಳಿದೆ.

ಇವತ್ತಿಗೂ ವಿಜಯಪುರದ ಸ್ಟೇಷನ್ ರಸ್ತೆಯಲ್ಲಿ ಯಾವ ಪಾಳಿಗೆ ನಿಂತರೂ, ನನ್ನ ಮುಂದೆ ಎಷ್ಟು ಮಂದಿ ಇದ್ದಾರೆಂದು ನೋಡುವುದಿಲ್ಲ. ಹಿಂದೆ ಒಬ್ಬರಾದರೂ ಬಂದು ನಿಲ್ಲುವ ತನಕ ನನಗೆ ಸಮಾಧಾನವಿಲ್ಲ.