ಜೀವರತ್ನ ಆಂಟಿಯ ವಾಕ್ಯದ ಡಬ್ಬ

"ಬಾಯಿ ತೆಗಿ."

ಬೆಳಿಗ್ಗೆ ಏಳು ಗಂಟೆಗೆ, ನೀಲಿ ಯೂನಿಫಾರ್ಮಿನ ಮೇಲೆ ಕೈಹೆಣಿಗೆಯ ಸ್ವೆಟರ್ ತೊಟ್ಟು, ಎಡಗೈಯಲ್ಲಿ ತಗಡಿನ ಬಿಸ್ಕತ್ತಿನ ಡಬ್ಬ ಹಿಡಿದು ಮೆಟ್ಟಿಲ ಬುಡದಲ್ಲಿ ನಿಂತ ಹೆಂಗಸೊಬ್ಬರು ಇಪ್ಪತ್ನಾಲ್ಕು ವರ್ಷದ ಗಂಡಸಿಗೆ ಹೀಗೆ ಹೇಳಿದರೆ ಅವನು ಏನು ಮಾಡಬೇಕು? ನಾನು ತೆಗೆಯುತ್ತಿದ್ದೆ. ಅವರು ಕಣ್ಣು ಕಿರಿದು ಮಾಡಿ ನಾಲಿಗೆಯ ಮೇಲೆ, ನಾಲಿಗೆಯ ಕೆಳಗೆ, ಎರಡೂ ಕೆನ್ನೆಗಳ ಒಳಗೆ ಇಣುಕಿ ನೋಡಿ, "ಹ್ಞೂಂ, ನುಂಗಿದ್ದೀಯ. ಹೋಗು, ಚಿತ್ರಾನ್ನ ತಿನ್ನು" ಎನ್ನುತ್ತಿದ್ದರು.

ನಾನು ನುಂಗಿದ್ದು ಮಾತ್ರೆಯನ್ನಲ್ಲ. ವೇದಪುಸ್ತಕದ ಒಂದು ವಾಕ್ಯವನ್ನು.

ಜೀವರತ್ನ ಆಂಟಿ ತುಮಕೂರಿನವರು. ಐರ್ಲೆಂಡಿನ ಸ್ಲೈಗೋ ಊರಿನ ಒಂದು ವೃದ್ಧಾಶ್ರಮದಲ್ಲಿ ಒಂಬತ್ತು ವರ್ಷದಿಂದ ನರ್ಸ್. ದಿನವೂ ಮೂವತ್ತು ಜನ ಅಜ್ಜ-ಅಜ್ಜಿಯರಿಗೆ ಮಾತ್ರೆ ಕೊಟ್ಟು, ಅವರು ಅದನ್ನು ನಾಲಿಗೆಯ ಕೆಳಗೆ ಅಡಗಿಸಿಕೊಂಡು ಆಮೇಲೆ ಹೂಕುಂಡಕ್ಕೆ ಉಗಿಯುವುದನ್ನು ಹಿಡಿದು ಹಿಡಿದು, ಆಂಟಿಗೆ ಜಗತ್ತಿನ ಯಾವ ಬಾಯಿಯ ಮೇಲೂ ನಂಬಿಕೆ ಉಳಿದಿರಲಿಲ್ಲ. ನನ್ನ ಬಾಯಿಯ ಮೇಲಂತೂ ಇರಲೇ ಇಲ್ಲ. "ವಾಕ್ಯನೂ ಮಾತ್ರೆ ಥರಾನೇ ಕಣೋ ಸ್ಯಾಮಿ. ಕೈಲಿ ಇಟ್ಕೊಂಡು ಓದಿದ್ರೆ ಜ್ವರ ಇಳಿಯಲ್ಲ. ನಾಲಿಗೆ ಕೆಳಗೆ ಇಟ್ಕೊಂಡ್ರೂ ಇಳಿಯಲ್ಲ. ಒಳಗೆ ಹೋಗ್ಬೇಕು" ಎನ್ನುತ್ತಿದ್ದರು.

ನಾನು ಮೈಸೂರಿನವನು. ಹುಟ್ಟಾ ಕ್ರೈಸ್ತ, ಆದರೆ ಕ್ರಿಸ್‌ಮಸ್ಸಿಗೆ ಕೇಕು ಇರುವಷ್ಟು ಹೊತ್ತು ಮಾತ್ರ. ಸ್ಲೈಗೋಗೆ ಮಾಸ್ಟರ್ಸ್ ಮಾಡಲು ಬಂದಾಗ, ನಮ್ಮಮ್ಮ ಸಭೆಯ ಯಾರೋ ಹೆಂಗಸರ ಮೂಲಕ ಆಂಟಿಯನ್ನು ಪತ್ತೆ ಹಚ್ಚಿ, ಅವರ ಮನೆಯ ಚಿಕ್ಕ ರೂಮಿಗೆ ನನ್ನನ್ನು ಸೇರಿಸಿದ್ದರು. ಎಷ್ಟು ಚಿಕ್ಕದೆಂದರೆ, ನಾನು ಒಳಗಿದ್ದಾಗ ನನ್ನ ಸೂಟ್‌ಕೇಸು ಹೊರಗಿರಬೇಕಿತ್ತು. ಆದರೂ ಅದು ರೂಮು. ಐರ್ಲೆಂಡಿನಲ್ಲಿ ಬಾಡಿಗೆ ರೂಮು ಹುಡುಕಿದವನಿಗೆ ಗೊತ್ತು, ಒಂದು ಮಂಚ ನೋಡಲು ಎಂಬತ್ತು ಜನ ಮಳೆಯಲ್ಲಿ ಸಾಲು ನಿಂತಿರುತ್ತಾರೆ. ಅದರಲ್ಲಿ ನಲವತ್ತು ಜನ ನಮ್ಮ ಕ್ಲಾಸಿನವರೇ.

ಮನೆಯಲ್ಲಿ ಇನ್ನಿಬ್ಬರು. ಆನಂದ ಅಂಕಲ್ ಬಸ್ ಓಡಿಸುತ್ತಿದ್ದರು. ಅವರ ಕನ್ನಡ, ಇಂಗ್ಲಿಷ್ ಎರಡೂ ಸೇರಿ ಕೊನೆಗೆ, ಐರ್ಲೆಂಡಿನವರು 'ಪರವಾಗಿಲ್ಲ' ಎನ್ನಲು ಬಳಸುವ ಒಂದೇ ಪದಕ್ಕೆ ಇಳಿದಿತ್ತು: "ಗ್ರ್ಯಾಂಡ್." ಸಾರಿಗೆ ಉಪ್ಪು ಜಾಸ್ತಿಯಾದರೂ ಗ್ರ್ಯಾಂಡ್, ಬಸ್ ಕೆಟ್ಟು ನಿಂತರೂ ಗ್ರ್ಯಾಂಡ್. ಮಗಳು ಕೆಜಿಯಾಗೆ ಹತ್ತು ವರ್ಷ. ಅಮ್ಮ ಕನ್ನಡದಲ್ಲಿ ಬೈದರೆ ಸ್ಲೈಗೋ ಇಂಗ್ಲಿಷಿನಲ್ಲಿ ವಾದಿಸುವ ವಕೀಲೆ.

ಆ ಡಬ್ಬದ ಬಗ್ಗೆ ಹೇಳಬೇಕು. ನಮ್ಮ ಕ್ರೈಸ್ತ ಮನೆಗಳಲ್ಲಿ ವಾಗ್ದಾನದ ಪೆಟ್ಟಿಗೆ ಎಂದು ಇರುತ್ತದೆ. ಒಳಗೆ ಚಿಕ್ಕ ಚಿಕ್ಕ ಕಾರ್ಡು, ಕಾರ್ಡಿಗೊಂದು ವಾಕ್ಯ. ಬೆಳಿಗ್ಗೆ ಎದ್ದು ಕಣ್ಣುಮುಚ್ಚಿ ಒಂದನ್ನು ತೆಗೆಯುವುದು. ಅಂಗಡಿಯಲ್ಲಿ ಸಿಗುವ ಪೆಟ್ಟಿಗೆಯಲ್ಲಿ ಬರೀ ಒಳ್ಳೊಳ್ಳೆಯ ಮಾತೇ ಇರುತ್ತದೆ. ಆಂಟಿಯದು ಹಾಗಲ್ಲ. ಅವರಪ್ಪ ಹಳ್ಳಿಯ ಸಭೆಯಲ್ಲಿ ಉಪದೇಶಿಯಾಗಿದ್ದವರು, ಮದುವೆ ಕಾಗದಗಳನ್ನು ಕತ್ತರಿಸಿ, ಹಿಂಬದಿಯಲ್ಲಿ ಕೈಯಾರೆ ವಾಕ್ಯ ಬರೆದು ಮಗಳಿಗೆ ಮಾಡಿಕೊಟ್ಟಿದ್ದರು. ಸಿಹಿಗಿಂತ ಕಹಿಯೇ ಹೆಚ್ಚು. ಒಂದು ಕಡೆ ನಿನ್ನ ಶತ್ರುವನ್ನು ಪ್ರೀತಿಸು ಎಂಬರ್ಥದ ವಾಕ್ಯ, ತಿರುಗಿಸಿದರೆ "ಉಡುಗೊರೆ ತರಬೇಡಿ".

ಬಂದ ಹೊಸದರಲ್ಲೇ ನನ್ನ ಮೊದಲ ಅನಾಹುತ ಆಯಿತು. ಇಂಟರ್ನ್‌ಶಿಪ್ಪಿನ ಇಂಟರ್‌ವ್ಯೂ ಹಿಂದಿನ ದಿನವೇ ನನಗೆ ನಾಳೆಯ ಚಿಂತೆ ಬೇಡ ಎಂಬ ಅರ್ಥದ ಕಾರ್ಡು ಬಂತು. ನನಗೆ ಎಂಥ ನೆಮ್ಮದಿ ಅಂತೀರಿ! ದೇವರೇ ಸಿಲೆಬಸ್ ಕಡಿಮೆ ಮಾಡಿದ್ದಾನೆ ಎಂದು ಪುಸ್ತಕ ಮುಚ್ಚಿ ಮಲಗಿದೆ. ಇಂಟರ್‌ವ್ಯೂನಲ್ಲಿ ಮರುದಿನ ಅವರು ಕೇಳಿದ ಏಳು ಪ್ರಶ್ನೆಗೂ ನಾನು ಶಾಂತವಾಗಿ, ಪವಿತ್ರವಾಗಿ, ತಪ್ಪು ಉತ್ತರ ಕೊಟ್ಟೆ. ಎಂಟನೆಯದು "ನಿಮಗೆ ಏನಾದರೂ ಕೇಳುವುದಿದೆಯಾ?" ಅದಕ್ಕೂ ತಡವರಿಸಿದೆ.

ಆಂಟಿ ಒಗ್ಗರಣೆ ಹಾಕುತ್ತಾ ಕೇಳಿಸಿಕೊಂಡರು. "ಚಿಂತೆ ಮಾಡ್ಬೇಡ ಅಂದ್ರೆ ಓದ್ಬೇಡ ಅಂತಾನಾ? ಪ್ಯಾರಸಿಟಮಾಲ್ ಕೊಟ್ರೆ ಊಟ ಬಿಟ್ಬಿಡ್ತೀಯಾ?"

"ನಾನು ನಂಬಿದೆ ಆಂಟಿ!"

"ನೀನು ನಂಬಿದ್ದು ದಿಂಬನ್ನ." ಸಾಸಿವೆ ಸಿಡಿಯಿತು. ಅದನ್ನು ಸೌಟಿನಲ್ಲಿ ತೋರಿಸಿದರು. "ನಂಬಿಕೆ ಇಷ್ಟೇ ಇಷ್ಟು ಇದ್ರೆ ಸಾಕು. ಆದ್ರೆ ಸಿಡೀಬೇಕು. ನಿಂದು ಎಣ್ಣೇಲಿ ತಣ್ಣಗೆ ಈಜ್ತಾ ಐತೆ. ಆತ್ಮಕ್ಕೆ ತೂಕದ ಮಶೀನ್ ಇದ್ದಿದ್ರೆ ನೀನು ಹತ್ತಿದಾಗ ಮುಳ್ಳು ಅಲ್ಲಾಡ್ತಾನೇ ಇರ್ಲಿಲ್ಲ."

ಅಷ್ಟರಲ್ಲಿ ಒಗ್ಗರಣೆಯ ಹೊಗೆಗೆ ಛಾವಣಿಯ ಸ್ಮೋಕ್ ಅಲಾರ್ಮ್ ಕಿರುಚಿತು. ಅದು ದಿನವೂ ಕಿರುಚುತ್ತಿತ್ತು. ಆಂಟಿ ದಿನವೂ ಟವೆಲ್ ಬೀಸುತ್ತಾ "ಆಮೆನ್" ಎನ್ನುತ್ತಿದ್ದರು.

ಅದಾದ ಮೇಲೆ ಡಬ್ಬ ನನ್ನ ಮೇಲೆ ಸೇಡು ತೀರಿಸಿಕೊಳ್ಳತೊಡಗಿತು. ಒಂದೇ ವಾರದಲ್ಲಿ ಮೂರು ಸಲ ಇರುವೆಯ ಕಾರ್ಡು. ಸೋಮಾರಿ, ಹೋಗಿ ಇರುವೆಯಿಂದ ಕಲಿ ಎಂಬ ತಾತ್ಪರ್ಯದ್ದು. ಆಮೇಲೆ ಸುಳ್ಳು ಹೇಳಬೇಡ. ಆಮೇಲೆ ಕ್ಷಮಿಸು, ಅದೂ ಬಾತ್‌ರೂಮಿನಲ್ಲಿ ನನ್ನ ಟವೆಲ್‌ನಿಂದ ಅಂಕಲ್ ತಮ್ಮ ಕಾಲು ಒರೆಸಿಕೊಂಡ ದಿನವೇ. ಬೆಳಿಗ್ಗೆ ಏಳು ಗಂಟೆಗೆ, ಹಲ್ಲುಜ್ಜಿದ ಬಾಯಿಗೆ, ಇಷ್ಟು ಕಹಿ ಯಾರು ತಡೆಯುತ್ತಾರೆ?

ಒಂದು ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದಾಗ ಡಬ್ಬ ಬಿಚ್ಚಿ ಕೂತೆ. ಕಹಿಯನ್ನೆಲ್ಲ ಆರಿಸಿ ತೆಗೆದೆ, ಅಕ್ಕಿಯಿಂದ ಕಲ್ಲು ಆರಿಸುವ ಹಾಗೆ. ಆರಿಸಿ ಮುಗಿಯುವಾಗ ಡಬ್ಬದಲ್ಲಿ ಬರೀ ಹನ್ನೊಂದು ಕಾರ್ಡು ಉಳಿದಿದ್ದವು, ಎಲ್ಲವೂ ಜಾಮೂನಿನಂಥವು. ಡಬ್ಬ ಹಗುರ ಕಾಣಬಾರದೆಂದು ತಳಕ್ಕೆ ಕಿಚನ್ ಟಿಶ್ಯೂ ಮಡಿಸಿ ಇಟ್ಟೆ. ಆರಿಸಿದ ಕಾರ್ಡುಗಳನ್ನು ಖಾಲಿ ಮಾವಿನಕಾಯಿ ಉಪ್ಪಿನಕಾಯಿ ಬಾಟಲಿಯೊಳಗೆ ತುಂಬಿ ಮಂಚದ ಕೆಳಗೆ ಬಚ್ಚಿಟ್ಟೆ. ಬಾಟಲಿಯನ್ನು ತೊಳೆದಿದ್ದೆ. ಚೆನ್ನಾಗಿ ಅಲ್ಲ.

ಒಂದು ಕಾರ್ಡಿನ ವಿಷಯದಲ್ಲಿ ಮಾತ್ರ ಸ್ವಲ್ಪ ಯೋಚಿಸಿದ್ದೆ. ನಿನ್ನ ಊರು ಬಿಟ್ಟು ನಾನು ತೋರಿಸುವ ಕಡೆಗೆ ಹೊರಡು, ನಿನಗೆ ಒಳ್ಳೆಯದು ಮಾಡುತ್ತೇನೆ ಎಂಬ ಭಾವದ್ದು. ಹಿಂಬದಿಯಲ್ಲಿ "ಊಟದ ವ್ಯವಸ್ಥೆ ಇದೆ". ನನ್ನ ಕೆಲಸಕ್ಕೆ, ವೀಸಾಕ್ಕೆ ಶುಭ ಸೂಚನೆ ಎಂದು ಅದನ್ನು ಸಿಹಿಯ ಗುಂಪಿಗೆ ಸೇರಿಸಿ ಡಬ್ಬದಲ್ಲೇ ಬಿಟ್ಟೆ.

ಎರಡು ವಾರ ಮನೆಯಲ್ಲಿ ಸ್ವರ್ಗ. ಎಲ್ಲರಿಗೂ ಆಶೀರ್ವಾದ, ಎಲ್ಲರಿಗೂ ಸಮಾಧಾನ. ನಾನು ದಿನಾ ಬಾಯಿ ಅಗಲಿಸಿ ತೋರಿಸುತ್ತಿದ್ದೆ. ಅಂಕಲ್ ತಮ್ಮ ಕಾರ್ಡು ಓದಿ "ಗ್ರ್ಯಾಂಡ್" ಎನ್ನುತ್ತಿದ್ದರು, ಈಗ ಅರ್ಥಪೂರ್ಣವಾಗಿ.

ಅದಕ್ಕೂ ಮೊದಲೇ ಆಂಟಿಗೆ ದೂರದ ಡನ್‌ಡಾಕ್‌ನ ಇನ್ನೊಂದು ವೃದ್ಧಾಶ್ರಮದಿಂದ ಕರೆ ಬಂದಿತ್ತು. ದೊಡ್ಡ ಕೆಲಸ, ಇಡೀ ನರ್ಸ್‌ಗಳ ತಂಡಕ್ಕೆ ಮೇಲ್ವಿಚಾರಕಿ. ಆಂಟಿಗೆ ಭಯ. "ಮೀಟಿಂಗ್‌ನಲ್ಲಿ ಎಲ್ಲರ ಮುಂದೆ ಇಂಗ್ಲಿಷಲ್ಲಿ ನಾನೇ ಮಾತಾಡ್ಬೇಕಂತೆ. ಇಲ್ಲಿ ಅಜ್ಜೀರ ಹತ್ರ ಆದ್ರೆ ಅರ್ಧ ಕನ್ನಡದಲ್ಲೇ ನಡೆಯುತ್ತೆ. ನನ್ನ ಕೈಲಿ ಆಗಲ್ಲಪ್ಪ" ಎಂದು ತಿಂಗಳಿಂದ ತಳ್ಳುತ್ತಿದ್ದರು.

ಸೋಮವಾರ ಅವರು ಕಣ್ಣುಮುಚ್ಚಿ ಡಬ್ಬಕ್ಕೆ ಕೈಹಾಕಿದರು. ಊರು ಬಿಟ್ಟು ಹೊರಡು. ಬುಧವಾರ ಮತ್ತೆ ಅದೇ. ಶುಕ್ರವಾರ ಕಾರ್ಡು ನೋಡಿ ಅವರು ಮೆಟ್ಟಿಲ ಮೇಲೆ ಕೂತುಬಿಟ್ಟರು.

"ಮಮ್, ದಟ್ಸ್ ದ ಸೇಮ್ ವನ್ ಅಗೇನ್, ಲೈಕ್," ಎಂದಳು ಕೆಜಿಯಾ. "ವಾಟ್ ಆರ್ ದ ಚಾನ್ಸಸ್?"

ಹನ್ನೊಂದರಲ್ಲಿ ಒಂದು, ಎಂದು ನನ್ನ ತಲೆ ತಕ್ಷಣ ಲೆಕ್ಕ ಹಾಕಿತು. ಇಂಟರ್‌ವ್ಯೂನಲ್ಲಿ ಇಷ್ಟು ಬೇಗ ಓಡಿದ್ದರೆ ಕೆಲಸ ಸಿಗುತ್ತಿತ್ತು.

"ಸೋಮವಾರ ಫೋನ್ ಮಾಡಿ ಹ್ಞೂಂ ಅಂತೀನಿ ಕಣ್ರೀ," ಎಂದರು ಆಂಟಿ. "ಮನೆ ಖಾಲಿ ಮಾಡೋಣ."

"ಗ್ರ್ಯಾಂಡ್," ಎಂದರು ಅಂಕಲ್.

ನಾನು ಚಿತ್ರಾನ್ನದ ತಟ್ಟೆ ಕೆಳಗಿಟ್ಟೆ. ಮನೆ ಖಾಲಿ ಎಂದರೆ ನನ್ನ ರೂಮೂ ಖಾಲಿ. ಮಳೆ, ಎಂಬತ್ತು ಜನರ ಸಾಲು. ನನ್ನ ಕೈಯಾರೆ ನನ್ನನ್ನೇ ಮನೆಯಿಂದ ಓಡಿಸಿಕೊಂಡಿದ್ದೆ, ಅದೂ ದೇವರ ಸಹಿ ಹಾಕಿಸಿ. ನಿಜ ಹೇಳುತ್ತೇನೆ, ಶುಕ್ರವಾರ ಇಡೀ ನನಗಿದ್ದದ್ದು ರೂಮಿನ ಚಿಂತೆಯೇ. ಶನಿವಾರ ಮಧ್ಯಾಹ್ನ ಆಂಟಿ ತುಮಕೂರಿನಲ್ಲಿರುವ ತಾಯಿಗೆ ಫೋನ್ ಮಾಡಿದ್ದು ಕೇಳಿಸಿತು. "ಮೂರು ಸಲ ಬಂತಮ್ಮ. ಅಪ್ಪನ ಅಕ್ಷರದಲ್ಲೇ. ಅಪ್ಪನೇ ಪಕ್ಕದಲ್ಲಿ ನಿಂತು ಹೇಳ್ದಂಗಾಯ್ತು." ದನಿ ಒದ್ದೆಯಾಗಿತ್ತು.

ಆಗ ರೂಮು ಮರೆತುಹೋಯಿತು. ಈ ಹೆಂಗಸು ಕೆಲಸ ಬಿಟ್ಟು, ಮಗಳ ಸ್ಕೂಲು ಬಿಡಿಸಿ, ದೇಶದ ಆ ತುದಿಗೆ ಹೊರಟಿದ್ದಾರೆ. ಏಕೆ? ನನಗೆ ಇರುವೆ ಇಷ್ಟವಿಲ್ಲ ಎಂದು.

ಬಾಟಲಿ ತಂದು ಅಡುಗೆಮನೆಯ ಟೇಬಲ್ ಮೇಲಿಟ್ಟೆ.

"ಇದೇನೋ, ಉಪ್ಪಿನಕಾಯಿ?"

"ವಾಕ್ಯ ಆಂಟಿ."

"ಏನು?"

"ಕಹಿ ವಾಕ್ಯ. ನಾನೇ ತೆಗ್ದಿಟ್ಟಿದ್ದೆ. ಡಬ್ಬದಲ್ಲಿ ಇರೋದೇ ಹನ್ನೊಂದು. ಅದಕ್ಕೇ ನಿಮಗೆ ಅದದೇ ಬರ್ತಾ ಇರೋದು. ದಯವಿಟ್ಟು ಸೋಮವಾರ ಫೋನ್ ಮಾಡ್ಬೇಡಿ."

ಆಂಟಿ ಮುಚ್ಚಳ ತೆಗೆದರು. ಮಾವಿನಕಾಯಿ, ಇಂಗು, ಮೆಂತ್ಯದ ಘಮಲು ಅಡುಗೆಮನೆ ತುಂಬಿತು. ಒಂದು ಕಾರ್ಡು ಎಳೆದರು. ಅಂಚಿನಲ್ಲಿ ಕೆಂಪು ಎಣ್ಣೆ. ಶಾಯಿ ಮಾತ್ರ ಕದಡಿರಲಿಲ್ಲ. ಅವರ ಮುಖ ನೋಡಲಾಗದೆ ನಾನು ಛಾವಣಿ ನೋಡಿದೆ. ಸ್ಮೋಕ್ ಅಲಾರ್ಮ್ ಕೂಡ ಸುಮ್ಮನಿತ್ತು.

"ನಮ್ಮಪ್ಪನ ಅಕ್ಷರಕ್ಕೆ ಉಪ್ಪಿನಕಾಯಿ ಹಾಕಿದ್ದೀಯಲ್ಲೋ, ಮುಂಡೇದೆ!"

"ತಪ್ಪಾಯ್ತು ಆಂಟಿ."

"ಹೀ ಲಿಟರಲಿ ಪಿಕಲ್ಡ್ ಗ್ರ್ಯಾಂಡ್‌ಡ್ಯಾಡ್," ಎಂದಳು ಕೆಜಿಯಾ, ಬಾಗಿಲಲ್ಲಿ ನಿಂತು, ಪರಮಾನಂದದಿಂದ.

ಆಂಟಿ ನಗಲಿಲ್ಲ. ಬಾಟಲಿ ಎತ್ತಿಕೊಂಡು ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡರು. ನನ್ನನ್ನು ಹೊರಗೆ ಹಾಕುತ್ತಾರೆ ಎಂದು ಸೂಟ್‌ಕೇಸನ್ನೂ ತುಂಬಿಸಿಟ್ಟೆ. ಸೋಮವಾರ ಅವರು ಫೋನ್ ಮಾಡಿ ಒಂದು ವಾರ ಟೈಮ್ ಕೇಳಿದರು. ಆ ವಾರ ಡಬ್ಬ ಮುಟ್ಟಲಿಲ್ಲ. ಬೆಳಿಗ್ಗೆ ದಪ್ಪ ಪುಸ್ತಕವನ್ನೇ ತೊಡೆಯ ಮೇಲಿಟ್ಟುಕೊಂಡು, ಆ ಹೊರಡುವ ಮಾತಿನ ಹಿಂದೇನಿದೆ ಮುಂದೇನಿದೆ ಎಂದು ಬೆರಳಿಟ್ಟು ಓದುತ್ತಿದ್ದರು. ನನ್ನ ಬಾಯಿ ನೋಡಲು ಯಾರೂ ಬರಲಿಲ್ಲ. ಬಾಯಿ ಬಿಕೋ ಎನ್ನುತ್ತಿತ್ತು.

ಮುಂದಿನ ಸೋಮವಾರ ಒಗ್ಗರಣೆಯ ಹೊತ್ತಿಗೆ ಹೇಳಿದರು. "ಹೋಗ್ತಾ ಇದ್ದೀವಿ ಡನ್‌ಡಾಕ್‌ಗೆ."

"ಆಂಟಿ! ಅದು ನನ್ನ ಮೋಸ ಅಲ್ವಾ?"

"ನೀನು ಮೋಸ ಮಾಡಿದ್ದು ಡಬ್ಬಕ್ಕೆ ಕಣೋ, ವಾಕ್ಯಕ್ಕಲ್ಲ. ಆ ಕಾರ್ಡು ನಾನು ಲಂಗ ಹಾಕ್ಕೊಳ್ಳೋ ಕಾಲದಿಂದ ಬರ್ತಾ ಐತೆ. ಪ್ರತಿ ಸಲ ಸ್ತೋತ್ರ ಅಂದು ವಾಪಸ್ ಇಡ್ತಿದ್ದೆ." ಎಣ್ಣೆಗೆ ಸಾಸಿವೆ ಹಾಕಿದರು. "ನಾನೂ ನಾಲಿಗೆ ಕೆಳಗೆ ಇಟ್ಕೊಂಡು ಉಗೀತಾ ಇದ್ದೆ, ಆ ಅಜ್ಜೀರ ಥರಾನೇ. ಈ ವಾರ ನುಂಗ್ದೆ. ಭಯ ಹೋಗಿಲ್ಲ. ಆದ್ರೂ ನುಂಗ್ದೆ." ಸಾಸಿವೆ ಸಿಡಿಯಿತು. ಅಲಾರ್ಮ್ ಕಿರುಚಿತು. ಟವೆಲ್ ಬೀಸುವುದನ್ನೂ ಮರೆತು ಇಬ್ಬರೂ ಒಟ್ಟಿಗೆ "ಆಮೆನ್" ಎಂದೆವು.

ಅವರು ಹೊರಟ ದಿನ ಮನೆ ಮುಂದೆ ವ್ಯಾನು ನಿಂತಿತ್ತು. ಮಾಮೂಲಿ ಮಳೆ. ಆಂಟಿ ಬಾಟಲಿ ತಂದು ನನ್ನ ಕೈಗಿಟ್ಟರು. "ಡಬ್ಬ ನನ್ನದು, ಬಾಟಲಿ ನಿಂದು. ದಿನಕ್ಕೊಂದು. ಆರಿಸಂಗಿಲ್ಲ. ನೀನು ಬೇಡ ಅಂದವುಗಳಲ್ಲೇ ನೀನು ಬೆಳೀಬೇಕಾಗಿರೋದು."

"ನಿಮ್ಮಪ್ಪ ಬರೆದಿದ್ದು ಆಂಟಿ, ನನಗೆ ಯಾಕೆ?"

"ಆ ವಾಸನೆ ನನ್ನ ಡಬ್ಬಕ್ಕೆ ಬೇಡ." ಮೂಗು ಒರೆಸಿಕೊಂಡರು, ಮಳೆಗೆ ಎಂಬಂತೆ. "ಇನ್ನು ಹತ್ತು ವರ್ಷ ಕೆಡಲ್ಲ ಬಿಡು. ಈಗ ಒಂದು ತೆಗಿ."

ತೆಗೆದೆ. ಇರುವೆ.

"ಬಾಯಿ ತೆಗಿ."

ಅಕ್ಕಪಕ್ಕದ ಮನೆಯವರೆಲ್ಲ ನೋಡುತ್ತಿದ್ದರು. ತೆಗೆದೆ. ಬಾಯೊಳಗೆ ಮಳೆ ಬಿತ್ತು. ಆಂಟಿ ನೋಡಿದರು, ಎಂದಿಗಿಂತ ಸ್ವಲ್ಪ ಹೆಚ್ಚು ಹೊತ್ತು. "ಹ್ಞೂಂ" ಎಂದು ವ್ಯಾನು ಹತ್ತಿದರು.

ಇರುವೆ ಕೆಲಸ ಮಾಡಿತು. ಮಳೆಯ ಸಾಲಿನಲ್ಲಿ ನಿಂತು ಒಂದು ಮಂಚ ಹಿಡಿದೆ, ಓದಿದೆ, ಪಾಸಾದೆ, ಲೀಕ್ಸ್‌ಲಿಪ್ ಎಂಬ ಊರಿನಲ್ಲಿ ಕೆಲಸ ಸಿಕ್ಕಿತು. ಈಗ ಒಬ್ಬ ಐರಿಷ್ ಹುಡುಗನ ಜೊತೆ ಮನೆ ಹಂಚಿಕೊಂಡಿದ್ದೇನೆ. ಹೆಸರು ಕಾನರ್. ಹೋದ ವಾರ ಅವನ ಹೊಸ ಬಾಣಲೆಯಲ್ಲಿ ಒಗ್ಗರಣೆ ಹಾಕಲು ಹೋಗಿ ತಳ ಹೊತ್ತಿಸಿ, ಬಾಣಲೆಯನ್ನು ಕಪಾಟಿನ ಹಿಂಬದಿಗೆ ತಳ್ಳಿ ಸುಮ್ಮನಿದ್ದೆ. ಮರುದಿನ ಬಾಟಲಿಯಿಂದ ಬಂದ ಕಾರ್ಡು, ನೆರೆಯವನಿಗೆ ನಿಜ ಹೇಳು ಎಂಬರ್ಥದ್ದು. ವಾಪಸ್ ಹಾಕಿ ಇನ್ನೊಂದು ತೆಗೆಯಲು ಕೈ ಹೋಯಿತು. ಬೆರಳಿಗೆ ಮೆಂತ್ಯದ ವಾಸನೆ ಹತ್ತಿತು. ನಿಂತೆ.

"ಕಾನರ್, ನಿನ್ನ ಬಾಣಲೆ ಸುಟ್ಟಿದ್ದು ನಾನೇ," ಎಂದು ಇಂಗ್ಲಿಷಿನಲ್ಲಿ ಹೇಳಿದೆ.

"ಐ ನೋ, ಯೂ ಈಜಿಟ್. ದ ಅಲಾರ್ಮ್ ವೋಕ್ ದ ಹೋಲ್ ರೋಡ್," ಎಂದು ಅವನು ಶೂ ಕಟ್ಟುತ್ತಾ ನಕ್ಕ. ಈಜಿಟ್ ಎಂದರೆ ಇಲ್ಲಿಯವರ ಪ್ರೀತಿಯ 'ಪೆದ್ದ'. "ಯು ಆರ್ ಗ್ರ್ಯಾಂಡ್."

ಅವನು ಕೆಲಸಕ್ಕೆ ಹೋದ. ನಾನು ಮೆಟ್ಟಿಲ ಬುಡದಲ್ಲಿ ಒಬ್ಬನೇ ನಿಂತಿದ್ದೆ. ಆಂಟಿ ಹೇಳಿದ ಆತ್ಮದ ತೂಕದ ಮುಳ್ಳು ಒಂದು ಕೂದಲೆಳೆಯಷ್ಟಾದರೂ ಅಲ್ಲಾಡಿದ ಹಾಗೆ ಅನ್ನಿಸಿತು. ತೋರಿಸೋಣವೆಂದು ಬಾಯಿ ಅಗಲಿಸಿ, ನಾಲಿಗೆ ಎತ್ತಿ, ಕೆನ್ನೆ ಅಗಲಿಸಿ ನಿಂತೆ.

ಎದುರಿಗೆ ಗೋಡೆ ಮಾತ್ರ ಇತ್ತು. ಆದರೂ ಸ್ವಲ್ಪ ಹೊತ್ತು ಹಾಗೇ ತೆಗೆದುಕೊಂಡೇ ಇದ್ದೆ.