ಸಣ್ಣ ಮೀನು ಮಾರದ ಅಣ್ಣ

ಮೊನ್ನೆ ಬೆಳಗ್ಗೆ ದೇವರಾಜ ಮೊಹಲ್ಲಾದ ಒಂದು ಗಲ್ಲಿಯಲ್ಲಿ ಕಬ್ಬಿನ ಹಾಲಿನ ಅಂಗಡಿಯವರು ಗೋಣಿಚೀಲ ಹೊದಿಸಿ ಮಂಜುಗಡ್ಡೆ ಒಡೆಯುತ್ತಿದ್ದರು. ಕರಗಿದ ನೀರು, ಒದ್ದೆ ಗೋಣಿ, ಗಡ್ಡೆಗೆ ಮೆತ್ತಿದ ಮರದ ಹೊಟ್ಟು... ಆ ವಾಸನೆಗೆ ನನ್ನ ಕಾಲು ತಾನಾಗಿ ನಿಂತುಬಿಟ್ಟಿತು. ಅಲ್ಲಿ ಮೀನಿರಲಿಲ್ಲ. ಆದರೂ ನನ್ನ ಮೂಗಿಗೆ ಮೀನು ಬಂತು, ಮೀನಿನ ಹಿಂದೆಯೇ ಮೀನಿನಣ್ಣ ಬಂದರು.

ಅವರನ್ನು ನಾನು ಒಂದು ದಿನವೂ ಹೆಸರು ಹಿಡಿದು ಕರೆದವಳಲ್ಲ. ಇದೇ ಮೊಹಲ್ಲಾದಲ್ಲಿ ಕಡಪ ಕಲ್ಲು ಹಾಸಿದ ಪುಟ್ಟ ಅಂಗಡಿ ಅವರದು. ಕರಾವಳಿಯವರು. ಎಷ್ಟೋ ವರ್ಷ ದೋಣಿಯಲ್ಲಿ ಬಲೆ ಎಳೆದು, ಅದು ಸಾಕೆನಿಸಿ ಮೈಸೂರಿಗೆ ಬಂದು ಕಡಲ ಮೀನು ಮಾರುತ್ತಿದ್ದರು. ನಾನು ಆಗಷ್ಟೇ ಹೆಬ್ಬಾಳದಲ್ಲಿ ಮೆಸ್ ಶುರು ಮಾಡಿದ್ದೆ. ಶಿಫ್ಟ್ ಮುಗಿಸಿ ಬರುವ ಫ್ಯಾಕ್ಟರಿಯವರಿಗೆ ಬುಧವಾರ ಮತ್ತು ಭಾನುವಾರ ಮೀನಿನ ಊಟ. ನಮ್ಮದು ನಾಲೆ ಬಯಲಿನ ಒಕ್ಕಲು ಮನೆ. ಕೆರೆ ಮೀನು, ನಾಲೆ ಮೀನು ಗೊತ್ತು. ಸಮುದ್ರವನ್ನು ನಾನು ನೋಡಿದ್ದು ಕ್ಯಾಲೆಂಡರಿನಲ್ಲಿ ಮಾತ್ರ.

ಮೊದಲ ದಿನವೇ ನಗೆಪಾಟಲಾದೆ. ತರಕಾರಿ ಕೊಳ್ಳುವವಳ ಕೈ ತಾನೇ, ಬಂಗುಡೆಯ ರಾಶಿಯಲ್ಲಿ ಬೆರಳಾಡಿಸಿ ಚಿಕ್ಕದನ್ನೇ ಹುಡುಕುತ್ತಿದ್ದೆ. "ಎಳೇವ್ನೇ ಆರ್ಸಿ ಕೊಡಿ ಅಣ್ಣ, ಬಲ್ತಿರೋದು ಬ್ಯಾಡ" ಎಂದೆ.

ಅವರು ಕತ್ತಿ ಕೆಳಗಿಟ್ಟು ಮನಸಾರೆ ನಕ್ಕರು. "ಇದು ಬೆಂಡೆಕಾಯಿ ಅಲ್ಲ ಮಾರಾಯ್ತಿ! ಬೆಂಡೆ ಎಳತು ಕೊಯ್ದರೆ ಗಿಡದಲ್ಲಿ ಇನ್ನೊಂದು ಆಗ್ತದೆ. ಇದನ್ನು ಎಳತು ಹಿಡಿದರೆ ಗಿಡವೇ ಹೋಯ್ತಲ್ಲ ಅಕ್ಕ, ಮತ್ತೆ ಎಂತ ಉಂಟು?"

ನನಗೆ ಮುಖ ಕೆಂಪಾಯಿತು. ನಮ್ಮವ್ವ ಹಿತ್ತಲಿನ ಗಿಡದಲ್ಲಿ ಒಳ್ಳೆಯ ಕಾಯಿ ನೋಡಿ, ಅದಕ್ಕೊಂದು ಬಟ್ಟೆ ಚೂರು ಕಟ್ಟಿ ಬೀಜಕ್ಕೆ ಬಿಡುತ್ತಿದ್ದಳು. ಅದನ್ನು ಕಿತ್ತವರ ಕೈಗೆ ಏಟು ಬೀಳುತ್ತಿತ್ತು. ಅಂಥ ಮನೆಯ ಮಗಳು ನಾನು, ಮೀನಿಗೂ ಒಂದು ಬೀಜ ಬೇಕೆಂದು ಯೋಚಿಸಿಯೇ ಇರಲಿಲ್ಲ. ಕೆರೆಗಾದರೆ ಮರಿ ತಂದು ಬಿಡುತ್ತಾರೆ, ಕಡಲಿಗೆ ಯಾರು ತಂದು ಬಿಡಬೇಕು?

ಲಾರಿಯಲ್ಲಿ ಬಂದ ಪೆಟ್ಟಿಗೆಯಲ್ಲಿ ಬೆರಳುದ್ದದ ಮೀನು ಜಾಸ್ತಿ ಕಂಡರೆ ಮೀನಿನಣ್ಣ ಪೆಟ್ಟಿಗೆಯನ್ನು ವಾಪಸ್ ಏರಿಸಿಬಿಡುತ್ತಿದ್ದರು. ಮಳೆಗಾಲ ಶುರುವಾಗಿ ಮೀನು ಮೊಟ್ಟೆ ಇಡುವ ಎರಡು ತಿಂಗಳು ಅವರ ಊರಿನ ದೊಡ್ಡ ದೋಣಿಗಳು ದಡದಲ್ಲೇ ಇರುತ್ತವೆ. ಆಗ ಇವರೂ ಕಲ್ಲು ತೊಳೆದು ಒರೆಸಿ, ಬರೀ ಒಣಮೀನು ಮಾರುತ್ತ ಕೂರುತ್ತಿದ್ದರು. ಸುತ್ತಲಿನ ಅಂಗಡಿಯವರು ಎಲ್ಲಿಂದಲೋ ತರಿಸಿ ಮಾರಿದರೂ ಇವರು ಜಪ್ಪಯ್ಯ ಎನ್ನಲಿಲ್ಲ. ನನಗೆ ಎಷ್ಟು ಸಿಟ್ಟು ಬರುತ್ತಿತ್ತೆಂದರೆ, "ಅಂಗಡಿ ಇಟ್ಟಿದ್ದೀರೋ ಮಠ ಇಟ್ಟಿದ್ದೀರೋ?" ಎಂದು ಕೇಳಿಯೂ ಬಿಟ್ಟಿದ್ದೆ.

ಒಮ್ಮೆ ಸಮಾಧಾನದಲ್ಲಿದ್ದಾಗ ಕಾರಣ ಹೇಳಿದರು. ಮೊದಲೆಲ್ಲ ಬಲೆಯ ಕಣ್ಣು ದೊಡ್ಡದಿತ್ತಂತೆ, ಮರಿಗಳು ನುಸುಳಿ ಹೋಗುತ್ತಿದ್ದವು. ಆಮೇಲೆ ಎಂಜಿನ್ ದೊಡ್ಡದಾಯಿತು, ಬಲೆಯ ಕಣ್ಣು ಸಣ್ಣದಾಯಿತು. ತಳ ಗುಡಿಸಿಕೊಂಡು ಬಂದದ್ದರಲ್ಲಿ ಅರ್ಧ ಮರಿ. ತಿನ್ನುವುದಕ್ಕಲ್ಲ, ಹುಡಿ ಮಾಡಿ ಕೋಳಿಗೆ ಹಾಕುವುದಕ್ಕೆ ಲಾರಿಗೆ ತುಂಬುತ್ತಿದ್ದರು. "ಮುಂದಿನ ವರ್ಷದ ಮೀನನ್ನೂ ಈ ವರ್ಷವೇ ಹಿಡಿದು ಹಾಕಿದೆವು ಅಕ್ಕ. ನಾನೂ ಹಿಡಿದವನೇ" ಎಂದರು. ಅದಾದ ಮೇಲೆ ಅವರು ದೋಣಿ ಹತ್ತಲಿಲ್ಲ.

ಕೇಳಿದಾಗ ಮನಸ್ಸಿಗೆ ನಾಟಿತು, ಸುಳ್ಳು ಹೇಳುವುದಿಲ್ಲ. ಆದರೆ ಮೆಸ್ ನಡೆಸುವವಳ ಕಷ್ಟವೇ ಬೇರೆ. ನಮ್ಮ ಕಡೆಯವರಿಗೆ ತಟ್ಟೆಯಲ್ಲಿ ತಲೆಯಿಂದ ಬಾಲದವರೆಗೆ ಇಡೀ ಮೀನು ಕಾಣಬೇಕು. ದೊಡ್ಡದನ್ನು ತುಂಡು ಮಾಡಿ ಹಾಕಿದರೆ "ಏನಕ್ಕ, ಮಿಕ್ಕಿದ್ದು ಬೆಕ್ಕು ತಿಂತಾ?" ಎಂದು ಕೊಂಕು ತೆಗೆಯುತ್ತಾರೆ. ಸಣ್ಣದಾದರೆ ತಟ್ಟೆಗೆ ಮೂರು ಇಡಬಹುದು, ಊಟ ತುಂಬಿಕೊಂಡಂತೆ ಕಾಣುತ್ತದೆ. ಅಷ್ಟರಲ್ಲಿ ಹಿಂದಿನ ಗಲ್ಲಿಯಲ್ಲಿ ಹೊಸ ಅಂಗಡಿಯೊಂದು ತೆರೆಯಿತು. ಅಲ್ಲಿ ಬೆರಳುದ್ದದ ಬಂಗುಡೆ, ಬೂತಾಯಿ ರಾಶಿ ರಾಶಿ.

ನಾನು ಅತ್ತ ಹೋದೆ. ಹೇಳದೆ, ಕೇಳದೆ ಹೋದೆ. ಮೀನಿನಣ್ಣನ ಅಂಗಡಿ ನಿಂತಿದ್ದೇ ನನ್ನಂಥ ನಾಲ್ಕೈದು ಮೆಸ್‌ಗಳ ಮೇಲೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ನಾನು ಹೋದ ಮೇಲೆ ಉಳಿದವರೂ ಒಬ್ಬೊಬ್ಬರಾಗಿ ಬಂದರು. ಅವರ ಕಣ್ಣಿಗೆ ಬೀಳಬಾರದೆಂದು ಬಳಸು ದಾರಿ ಹಿಡಿದು ಓಡಾಡಿದೆ.

ಕದ್ದು ಓಡಾಡುವವರಿಗೆ ಎದುರಾಗುವುದು ಬೇಡದವರೇ ಅಲ್ಲವೇ? ಒಂದು ಭಾನುವಾರ ಮಾರ್ಕೆಟ್ ಮುಂದೆ ಮುಖಾಮುಖಿ ಸಿಕ್ಕರು. ನನ್ನ ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಒಳಗಿರುವುದೆಲ್ಲ ಹೊರಗೆ ಕಾಣುವಂಥದ್ದು. ಅವರು ಚೀಲ ನೋಡಿದರು, ನನ್ನನ್ನು ನೋಡಿದರು.

"ಮೆಸ್ ಚೆಂದ ನಡೀತಾ ಉಂಟಲ್ಲ ಅಕ್ಕ?"

"ಹೂಂ ಅಣ್ಣ, ದೇವರ ದಯೆ" ಎಂದೆ. ಅಷ್ಟೇ. ಬೈದಿದ್ದರೆ ನಾನೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ. ಅವರು ಬೈಯಲಿಲ್ಲ.

ಎರಡು ವರ್ಷ ಕಳೆದಿರಬೇಕು. ಬೂತಾಯಿ ಬರುವುದು ಕಡಿಮೆಯಾಗುತ್ತ ಆಗುತ್ತ ಒಂದು ವರ್ಷ ಬರಲೇ ಇಲ್ಲ. ಹೊಸ ಅಂಗಡಿಯವನು ಆರಾಮಾಗಿ ಕೋಳಿ ಮಾರುವುದಕ್ಕೆ ಕೂತ. ನಾನು ಮುಖ ಗಟ್ಟಿ ಮಾಡಿಕೊಂಡು ಮೀನಿನಣ್ಣನ ಅಂಗಡಿಗೆ ಹೋದೆ. ಷಟರ್ ಎಳೆದಿತ್ತು. ಪಕ್ಕದ ಹೂವಿನವರು, "ಊರ್‌ಗೆ ಒಂಟೋಗ್ಬುಟ್ರು ಕಣಮ್ಮ. ಯಾಪಾರ್ವೇ ಇರ್ನಿಲ್ಲ ಪಾಪ, ಎಷ್ಟ್ ದಿನ ಅಂತ ಕೂತಾರು?" ಎಂದು ಅವರ ನಂಬರ್ ಕೊಟ್ಟರು.

ಫೋನ್ ಮಾಡಿದೆ. ತಪ್ಪಾಯಿತು ಅಣ್ಣ ಎನ್ನಲೆಂದೇ ಮಾಡಿದ್ದು. ಅವರ ದನಿ ಕೇಳಿದ್ದೇ ತಡ ಮಾತನ್ನು ಬೇರೆ ಕಡೆಗೆ ತಿರುಗಿಸಿದೆ. ಬಂಗುಡೆ ಸಾರಿಗೆ ಹುಣಸೆ ಎಷ್ಟು ಹಾಕಬೇಕು ಎಂದು ಕೇಳಿ, ಅವರು ಹೇಳಿದ್ದನ್ನೆಲ್ಲ ಹೂಂಗುಟ್ಟಿ ಇಟ್ಟುಬಿಟ್ಟೆ. "ಒಮ್ಮೆ ಬಂದು ಕಡಲು ನೋಡಿ ಅಕ್ಕ" ಎಂದಿದ್ದರು. ಮೆಸ್ ಬಿಟ್ಟು ಎಲ್ಲಿಗೆ ಹೋಗುವುದು, ಮುಂದಿನ ವರ್ಷ ನೋಡೋಣ ಎಂದುಕೊಂಡೆ. ಹೀಗೇ ಎಷ್ಟು ಮುಂದಿನ ವರ್ಷಗಳು... ಅಷ್ಟೂ ವರ್ಷ ಬೇರೆ ಬೇರೆ ಅಂಗಡಿಗಳಿಂದ ಸಣ್ಣ ಮೀನು ತರುತ್ತಲೇ ಇದ್ದೆ.

ಕಳೆದ ವರ್ಷ ಮತ್ತೆ ಫೋನ್ ಮಾಡಿದಾಗ ಅವರ ಹೆಂಡತಿ ಎತ್ತಿಕೊಂಡರು. ಅಣ್ಣ ತೀರಿಹೋಗಿ ಆರು ತಿಂಗಳಾಗಿತ್ತು. ಅವತ್ತು ಬಸ್ಸು ಹತ್ತಿದೆ.

ಆ ಅತ್ತಿಗೆ ನನ್ನನ್ನು ಬಂದರಿಗೆ ಕರೆದುಕೊಂಡು ಹೋದರು. ಅಷ್ಟು ನೀರನ್ನು ಒಟ್ಟಿಗೆ ನಾನು ನೋಡಿದ್ದು ಅದೇ ಮೊದಲು. ಇಷ್ಟು ದೊಡ್ಡದಕ್ಕೆ ಮನುಷ್ಯ ಏನು ಮಾಡಿಯಾನು ಅನ್ನಿಸಿತು. ತಿರುಗಿ ದಡದ ಕಡೆ ನೋಡಿದೆ. ಲಾರಿಯ ಪಕ್ಕದಲ್ಲಿ ನನ್ನೆದೆಯ ಮಟ್ಟಕ್ಕೆ ರಾಶಿ, ಎಲ್ಲ ಬೆರಳುದ್ದದವೇ. ಜಲ್ಲಿ ತುಂಬುವಂತೆ ಸಲಿಕೆಯಲ್ಲಿ ತುಂಬುತ್ತಿದ್ದರು. ನಡುನಡುವೆ ಬಲೆಗೆ ಸಿಕ್ಕಿ ಬಂದ ಪ್ಲಾಸ್ಟಿಕ್, ನಾನು ಪಾರ್ಸೆಲ್‌ಗೆ ಸಾಂಬಾರು ಕಟ್ಟಿಕೊಡುವಂಥ ಕವರುಗಳು. ಅಳು ಬಂತು, ನಾಚಿಕೆಯಿಲ್ಲದೆ ಅತ್ತೆ.

ಅತ್ತಿಗೆ ನನ್ನ ಕೈ ಹಿಡಿದುಕೊಂಡು ಹೇಳಿದರು: "ನಿಮ್ಮದೇ ಮಾತು ಅವರಿಗೆ. ಇಲ್ಲಿ ಯಾರಾದರೂ ಅವರ ಹಟಕ್ಕೆ ತಮಾಷೆ ಮಾಡಿದರೆ, ಮೈಸೂರಿನಲ್ಲಿ ನನಗೊಬ್ಬಳು ತಂಗಿ ಇದ್ದಾಳೆ, ಮೆಸ್ ನಡೆಸ್ತಾಳೆ, ಸಣ್ಣ ಮೀನು ಮುಟ್ಟೂದಿಲ್ಲ ಅಂತ ಹೇಳುವುದು. ಹೋಗುವ ಹಿಂದಿನ ದಿನವೂ ಹೇಳಿದ್ರು."

ಮಾರ್ಕೆಟ್ ಮುಂದೆ ನನ್ನ ಚೀಲವನ್ನು ಅವರು ನೋಡಿದ್ದರು. ನೋಡಿಯೂ ಹಾಗೆ ಹೇಳಿದ್ದರು. ಅದು ಹಾಗಲ್ಲ ಅತ್ತಿಗೆ, ಎನ್ನಬೇಕಿತ್ತು. ಆ ಹೆಂಗಸಿನ ಮುಖ ನೋಡಿಕೊಂಡು ನನಗೆ ಆಗಲಿಲ್ಲ. ಹೌದೆನ್ನುವಂತೆ ತಲೆಯಾಡಿಸಿದೆ.

ಮೈಸೂರಿಗೆ ಬಂದ ಮರುದಿನವೇ ಮೆಸ್ಸಿನಲ್ಲಿ ಊಟಕ್ಕೆ ಕೂತ ಎಲ್ಲರ ಮುಂದೆ ಹೇಳಿದೆ: ಇನ್ನು ಇಲ್ಲಿ ಮರಿಮೀನು ಇಲ್ಲ, ಮಳೆಗಾಲದ ಎರಡು ತಿಂಗಳು ಕಡಲ ಮೀನೇ ಇಲ್ಲ, ಬೇಕಾದವರು ಉಣ್ಣಿ. ಹನ್ನೊಂದು ಜನ ಪಕ್ಕದ ಮೆಸ್ಸಿಗೆ ಹೋದರು. ಹೋಗಲಿ, ಹೊಟ್ಟೆಪಾಡು ಯಾರಿಗಿಲ್ಲ? ಉಳಿದವರು ತುಂಡು ಮೀನಿಗೆ ಒಗ್ಗಿಕೊಂಡರು, ಯಾಕೆ ಎಂದು ಕೇಳಿದವರಿಗೆ ಬಿಡಿಸಿ ಹೇಳುತ್ತೇನೆ. ಮೆಸ್ ಮುಚ್ಚುವುದಿಲ್ಲ, ನಾನೂ ಬಗ್ಗುವುದಿಲ್ಲ. ಅಣ್ಣ ನನ್ನ ಬಗ್ಗೆ ಊರಿಗೆಲ್ಲ ಹೇಳಿಕೊಂಡು ಬಂದ ಮಾತು ಈಗ ನಿಜ. ಅದು ನಿಜವಾಗುವ ಹೊತ್ತಿಗೆ ಅವರೇ ಇಲ್ಲ.